ಕೂಪರ್ಸ್‌ಟೌನ್ ಬೇಸ್‌ಬಾಲ್ ಹಾಲ್ ಆಫ್ ಫೇಮ್: ರಿಲೀಫ್ ಪಿಚರ್‌ಗಳ ಒಂಬತ್ತು ಫಲಕ ನೋಡೋಕಾದ್ರೂ ಹೋಗಿ

ಅಮೆರಿಕಾದಲ್ಲಿದ್ದು ಬೇಸ್‌ಬಾಲ್ ಕಡೆ ಸ್ವಲ್ಪನಾದ್ರೂ ಒಲವಿರೋ ಕನ್ನಡದವರು ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ಗೆ ಒಂದ್ಸಲ ಹೋಗ್ಲೇಬೇಕು. ನ್ಯೂಯಾರ್ಕ್ ಸಿಟಿಯಿಂದ ಕಾರಲ್ಲಿ ಸುಮಾರು ನಾಲ್ಕು ಗಂಟೆ ದಾರಿ, ಊರು ತುಂಬಾ ಚಿಕ್ಕದು, ಎರಡು ಸಾವಿರ ಜನಾನೂ ಇಲ್ಲ, ಪಕ್ಕದಲ್ಲೇ ಓಟ್ಸೀಗೋ ಅನ್ನೋ ದೊಡ್ಡ ಕೆರೆ, ಮೇನ್ ಸ್ಟ್ರೀಟ್ ಮೇಲೆ ಕೆಂಪು ಇಟ್ಟಿಗೆಯ ಕಟ್ಟಡ, ಅದೇ ನ್ಯಾಷನಲ್ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಅಂಡ್ ಮ್ಯೂಸಿಯಂ. 1939ರ ಜೂನ್‌ನಲ್ಲಿ ಶುರುವಾದದ್ದು. ಬೇಬ್ ರೂತ್ ಬ್ಯಾಟು, ಜಾಕಿ ರಾಬಿನ್ಸನ್ ಕತೆ, ಇವೆಲ್ಲದರ ಬಗ್ಗೆ ಬೇಕಾದಷ್ಟು ಜನ ಬರ್ದಿದ್ದಾರೆ, ನಾನು ಅದನ್ನೇ ಮತ್ತೆ ಬರೆಯಲ್ಲ. ನನಗೆ ಇಷ್ಟವಾದ ಒಂದೇ ವಿಷಯ ಹಿಡ್ಕೊಂಡು ಈ ಜಾಗದ ರಿವ್ಯೂ ಬರೀತೀನಿ, ಅದು ರಿಲೀಫ್ ಪಿಚರ್‌ಗಳು.

ಮೊದಲು ಗೊತ್ತಿಲ್ಲದವರಿಗೆ ಎರಡು ಮಾತು. ಪಿಚರ್ ಅಂದ್ರೆ ಚೆಂಡು ಎಸೆಯೋನು. ಬೇಸ್‌ಬಾಲ್‌ನಲ್ಲಿ ಮ್ಯಾಚ್ ಶುರು ಮಾಡೋ ಪಿಚರ್ ಸ್ಟಾರ್ಟರ್, ಅವನು ಮ್ಯಾಚಿನ ಒಂಬತ್ತು ಇನ್ನಿಂಗಲ್ಲಿ ಐದೋ ಆರೋ ಎಸೆದು ಸುಸ್ತಾದ್ಮೇಲೆ ಬುಲ್‌ಪೆನ್ನಿಂದ ಎದ್ದು ಬರೋನು ರಿಲೀಫ್ ಪಿಚರ್. ಬುಲ್‌ಪೆನ್ ಅಂದ್ರೆ ಸಾಮಾನ್ಯವಾಗಿ ಮೈದಾನದ ದೂರದ ಬೇಲಿ ಹಿಂದೆ ಇರೋ ಜಾಗ, ಅಲ್ಲಿ ಒಂದು ಬೆಂಚು, ಒಂದು ಫೋನು, ಕೈ ಬಿಸಿ ಮಾಡ್ಕೊಳ್ಳೋಕೆ ಎರಡು ಮಣ್ಣಿನ ದಿಬ್ಬ. ಈ ಗುಂಪಲ್ಲಿ ಕೊನೆಗೆ ಬಂದು ಗೆಲುವನ್ನ ಮುಗಿಸಿಕೊಡೋನು ಕ್ಲೋಸರ್. ಮೂರು ರನ್ ಅಥವಾ ಅದಕ್ಕಿಂತ ಕಮ್ಮಿ ಲೀಡ್ ಇದ್ದಾಗ ಬಂದು ಕಡೇ ಇನ್ನಿಂಗ್ ಎಸೆದು ಗೆಲುವು ಉಳಿಸಿದ್ರೆ ಅವನ ಲೆಕ್ಕಕ್ಕೆ ಒಂದು ಸೇವ್ ಸೇರುತ್ತೆ, ಆ ನಿಯಮದಲ್ಲಿ ಇನ್ನೂ ಒಂದೆರಡು ಬಗೆ ಇದೆ ಆದ್ರೆ ಮುಖ್ಯವಾದದ್ದು ಇದೇ. ಈ ಸೇವ್ ಅನ್ನೋ ಲೆಕ್ಕವನ್ನ ಮೊದಲು ಯೋಚನೆ ಮಾಡಿದ್ದು ಶಿಕಾಗೋದ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್, ಅಧಿಕೃತವಾಗಿ ಬಂದಿದ್ದು 1969ರಲ್ಲಿ. ಅದಕ್ಕೂ ಮುಂಚೆ ಬುಲ್‌ಪೆನ್‌ನಲ್ಲಿ ಕೂತವರನ್ನ ಲೆಕ್ಕಕ್ಕೇ ತಗೊಳ್ತಿರಲಿಲ್ಲ ಅಂದ್ರೂ ತಪ್ಪಿಲ್ಲ, ಸ್ಟಾರ್ಟರ್ ಆಗೋಕೆ ಆಗದೇ ಇದ್ದವರು ಹೋಗಿ ಕೂರೋ ಜಾಗ ಅದು.

ಕಟ್ಟಡದ ಹೃದಯ ಅಂದ್ರೆ ಕೆಳಗಿನ ಮಹಡಿಯ ಪ್ಲಾಕ್ ಗ್ಯಾಲರಿ. ಎತ್ತರದ ಚಾವಣಿ, ದಪ್ಪ ಕಂಬಗಳು, ಎರಡೂ ಕಡೆ ಓಕ್ ಮರದ ಗೋಡೆ ಮೇಲೆ ಕಂಚಿನ ಫಲಕಗಳು, ಒಂದೊಂದರಲ್ಲೂ ಆಟಗಾರನ ಮುಖ, ಹೆಸರು, ಆಡಿದ ತಂಡಗಳು, ಕೆಳಗೆ ನಾಲ್ಕೈದು ಸಾಲಿನ ಬರಹ. ಸ್ಟಾರ್ ಇರಲಿ, ಸೂಪರ್ ಸ್ಟಾರ್ ಇರಲಿ, ಎಲ್ಲರಿಗೂ ಅಷ್ಟೇ ಜಾಗ, ಅದು ನನಗೆ ತುಂಬಾ ಇಷ್ಟ ಆಯ್ತು. ಒಳಗೆ ಬಂದವರ ಮಾತು ತಾನಾಗೇ ತಗ್ಗುತ್ತೆ, ಚಿಕ್ಕ ಮಕ್ಕಳೂ ಸ್ವಲ್ಪ ಹೊತ್ತು ಸುಮ್ನಿರ್ತಾರೆ. ಫಲಕಗಳನ್ನ ಆಯ್ಕೆಯಾದ ವರ್ಷದ ಪ್ರಕಾರ ಹಾಕಿರೋದ್ರಿಂದ ರಿಲೀಫ್ ಪಿಚರ್‌ಗಳಿಗೇ ಅಂತ ಬೇರೆ ಗೋಡೆ ಇಲ್ಲ, ಹುಡುಕ್ಕೊಂಡು ಹೋಗ್ಬೇಕು. ಇಷ್ಟೊಂದು ಫಲಕಗಳ ಮಧ್ಯೆ 2025ರ ತನಕ ಅವರು ಬರೀ ಒಂಬತ್ತು ಜನ. ಹೋಗೋ ಮುಂಚೆ ಈ ಹೆಸರು, ವರ್ಷ ಬರ್ಕೊಂಡು ಹೋಗಿ: ಹಾಯ್ಟ್ ವಿಲ್‌ಹೆಲ್ಮ್ 1985, ರೋಲಿ ಫಿಂಗರ್ಸ್ 1992, ಡೆನ್ನಿಸ್ ಎಕರ್ಸ್ಲಿ 2004, ಬ್ರೂಸ್ ಸಟರ್ 2006, ಗೂಸ್ ಗಾಸೇಜ್ 2008, ಟ್ರೆವರ್ ಹಾಫ್‌ಮನ್ 2018, ಮಾರಿಯಾನೋ ರಿವೇರಾ ಮತ್ತು ಲೀ ಸ್ಮಿತ್ ಇಬ್ರೂ 2019, ಬಿಲ್ಲಿ ವ್ಯಾಗ್ನರ್ 2025.

ನಮ್ಮಪ್ಪ ಜೊತೇಲಿದ್ರು, ಅವರಿಗೆ ಕ್ರಿಕೆಟ್ ಅಂದ್ರೆ ಪ್ರಾಣ. ರಿವೇರಾ ಫಲಕದ ಮುಂದೆ ನಿಂತು, "ಅಲ್ಲ ಕಣೋ, ಇವನು ಮ್ಯಾಚಿಗೆ ಒಂದು ಇನ್ನಿಂಗ್ ಹಾಕ್ತಿದ್ನಾ? ಮಿಕ್ಕಿದ್ದೆಲ್ಲ ಕೂತೇ ಇರ್ತಿದ್ನಾ? ಅಷ್ಟಕ್ಕೇ ಇಷ್ಟು ದೊಡ್ಡ ಮರ್ಯಾದೆನಾ?" ಅಂದ್ರು. ನ್ಯಾಯವಾದ ಪ್ರಶ್ನೆ, ಹಾಲ್‌ಗೆ ಯಾರು ಸೇರ್ಬೇಕು ಅಂತ ಆರಿಸೋ ಇಲ್ಲಿನ ಪತ್ರಕರ್ತರೂ ವರ್ಷಾನುಗಟ್ಟಲೆ ಇದೇ ಪ್ರಶ್ನೆ ಕೇಳ್ಕೊಂಡು ಓಟು ಹಾಕೋದನ್ನ ಮುಂದೂಡಿದ್ದಾರೆ. "ಅಪ್ಪಾ, ಕಡೇ ಓವರಲ್ಲಿ ಆರು ರನ್ ಉಳಿಸ್ಬೇಕು, ಅದೂ ವಾರದಲ್ಲಿ ಮೂರು ನಾಲ್ಕು ದಿನ, ಹತ್ತೊಂಬತ್ತು ವರ್ಷ, ಆಗುತ್ತಾ?" ಅಂದೆ. ಅವರು ಮತ್ತೆ ಫಲಕದ ಕಡೆ ತಿರುಗಿ ಪೂರ್ತಿ ಓದಿದ್ರು.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ಈ ಒಂಬತ್ತು ಫಲಕ ಒಂದಾದ ಮೇಲೊಂದು ನೋಡಿದ್ರೆ ಒಂದು ವಿಷಯ ಎದ್ದು ಕಾಣುತ್ತೆ, ಆದ್ರೆ ಅದನ್ನ ಯಾವ ಫಲಕದ ಮೇಲೂ ಬರ್ದಿಲ್ಲ: ಇವರಲ್ಲಿ ಯಾರೂ ನಾನು ರಿಲೀಫ್ ಪಿಚರ್ ಆಗ್ತೀನಿ ಅಂತ ಆಸೆ ಪಟ್ಟು ಬಂದವರಲ್ಲ. ಎಲ್ಲರೂ ಇನ್ನೊಂದು ಕಡೆ ಬಾಗಿಲು ಮುಚ್ಚಿದ್ಮೇಲೆ ಬುಲ್‌ಪೆನ್ನಿಗೆ ಬಂದವರು. ಕಂಚಿನ ಮೇಲೆ ಸೇವ್‌ಗಳ ಲೆಕ್ಕ, ತಂಡದ ಹೆಸರು, ಪ್ರಶಸ್ತಿ ಇರುತ್ತೆ, ಹೊಗಳಿಕೆ ಇರುತ್ತೆ, ಸೋತು ಬಂದ ದಾರಿ ಇರಲ್ಲ. ಆ ಕತೆ ಗೊತ್ತಿದ್ದು ಹೋದ್ರೆ ಈ ಗ್ಯಾಲರಿ ಬೇರೇನೇ ಆಗಿ ಕಾಣುತ್ತೆ, ಅದಕ್ಕೇ ಉದ್ದಕ್ಕೆ ಬರೀತಿದೀನಿ.

ವಿಲ್‌ಹೆಲ್ಮ್‌ನಿಂದ ಶುರು ಮಾಡಿ, ಹಾಲ್‌ಗೆ ಬಂದ ಮೊದಲ ರಿಲೀಫ್ ಪಿಚರ್ ಅವನೇ. ಎರಡನೇ ಮಹಾಯುದ್ಧದಲ್ಲಿ ಬಲ್ಜ್ ಕದನದಲ್ಲಿ ಗಾಯ ಆಗಿ ಪರ್ಪಲ್ ಹಾರ್ಟ್ ಪದಕ ಪಡೆದವನು, ವಾಪಸ್ ಬಂದು ಸಣ್ಣ ಲೀಗ್‌ಗಳಲ್ಲೇ ವರ್ಷಗಟ್ಟಲೆ ಸವೆದು 1952ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ ಬಂದಾಗ ವಯಸ್ಸು 29. ಅವನ ಆಯುಧ ನಕಲ್‌ಬಾಲ್, ತಿರುಗದೇ ತೇಲ್ಕೊಂಡು ಬಂದು ಕಡೇ ಗಳಿಗೆಲಿ ಎತ್ತ ಬೇಕಾದ್ರೂ ವಾಲೋ ಚೆಂಡು, ಹಿಡಿಯೋ ಕ್ಯಾಚರ್‌ಗೇ ಅದು ಎಲ್ಲಿಗೆ ಬರುತ್ತೆ ಅಂತ ಗೊತ್ತಾಗ್ತಿರಲಿಲ್ಲ, ಬಾಲ್ಟಿಮೋರ್ ತಂಡದಲ್ಲಿದ್ದಾಗ ಮ್ಯಾನೇಜರ್ ಪಾಲ್ ರಿಚರ್ಡ್ಸ್ ಅದನ್ನ ಹಿಡಿಯೋಕೆ ಅಂತಲೇ ಮೊರದಗಲದ ಗ್ಲೌ ಮಾಡಿಸಿದ್ರು. ಮೊದಲನೇ ಸಲ ಬ್ಯಾಟ್ ಹಿಡಿದಾಗಲೇ ಹೋಮ್ ರನ್ (ನಮ್ಮ ಸಿಕ್ಸರ್ ತರ) ಹೊಡೆದ, ಆಮೇಲೆ ಇಪ್ಪತ್ತು ವರ್ಷ ಆಡಿದ್ರೂ ಇನ್ನೊಂದು ಹೊಡೀಲಿಲ್ಲ! ಒಟ್ಟು 1,070 ಮ್ಯಾಚ್, ಕಡೇ ಮ್ಯಾಚ್ ಆಡಿದ್ದು 1972ರಲ್ಲಿ, 50 ತುಂಬೋಕೆ ಕೆಲವೇ ದಿನ ಬಾಕಿ ಇದ್ದಾಗ.

ಫಿಂಗರ್ಸ್ ಫಲಕ ಹುಡುಕೋದು ಸುಲಭ, ತುದಿ ಸುರುಳಿ ಸುತ್ತಿದ ಮೀಸೆ ಕಂಚಿನಲ್ಲೂ ಹಾಗೇ ಇದೆ. 1972ರಲ್ಲಿ ಓಕ್ಲೆಂಡ್ ತಂಡದ ಮಾಲೀಕ ಚಾರ್ಲಿ ಫಿನ್ಲಿ ಮೀಸೆ ಬೆಳೆಸಿದ ಆಟಗಾರರಿಗೆ 300 ಡಾಲರ್ ಕೊಡ್ತೀನಿ ಅಂದಾಗ ಬೆಳೆಸಿದ್ದು, ಅದು ಆಮೇಲೆ ಹೋಗಲೇ ಇಲ್ಲ. ಸ್ಟಾರ್ಟರ್ ಆಗಿ ಎಸೀತಿದ್ದ, ನಿಲ್ಲಲಿಲ್ಲ, 1971ರಲ್ಲಿ ಮ್ಯಾನೇಜರ್ ಡಿಕ್ ವಿಲಿಯಮ್ಸ್ ಬುಲ್‌ಪೆನ್ನಿಗೆ ಕಳಿಸಿದ್ರು, ಅಲ್ಲಿಂದ ಮೂರು ವರ್ಲ್ಡ್ ಸೀರೀಸ್ (ವರ್ಷದ ಕೊನೇ ಫೈನಲ್ ಸರಣಿ) ಸತತವಾಗಿ ಗೆದ್ದ ತಂಡದ ಬೆನ್ನೆಲುಬಾದ, 1981ರಲ್ಲಿ ಮಿಲ್ವಾಕಿಗೆ ಆಡ್ತಾ ಸೈ ಯಂಗ್ (ಲೀಗಿನ ಶ್ರೇಷ್ಠ ಪಿಚರ್ ಪ್ರಶಸ್ತಿ) ಮತ್ತು ಎಂವಿಪಿ (ಶ್ರೇಷ್ಠ ಆಟಗಾರ ಪ್ರಶಸ್ತಿ) ಎರಡೂ ಒಂದೇ ವರ್ಷ ತಗೊಂಡ.

ಗಾಸೇಜ್ ಕತೆ ಉಲ್ಟಾ. ರಿಲೀಫಲ್ಲಿ ಚೆನ್ನಾಗಿ ಎಸೀತಿದ್ದವನನ್ನ 1976ರಲ್ಲಿ ಶಿಕಾಗೋ ವೈಟ್ ಸಾಕ್ಸ್ ತಂಡದವರು ಸ್ಟಾರ್ಟರ್ ಮಾಡಿದ್ರು, 9 ಗೆದ್ದು 17 ಸೋತ, ವಾಪಸ್ ಬುಲ್‌ಪೆನ್ನಿಗೆ. ಅವನ ಕಾಲದ ಕ್ಲೋಸರ್ ಒಂದೇ ಇನ್ನಿಂಗ್ ಎಸೆಯೋನಲ್ಲ, ಏಳನೇ ಇನ್ನಿಂಗಲ್ಲೇ ಬಂದು ಕೊನೇ ತನಕ ಎಸೀಬೇಕಿತ್ತು, ಅದು ಗಮನದಲ್ಲಿರಲಿ.

ಸಟರ್ ಫಲಕದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಹದಿಹರೆಯದಲ್ಲೇ ಮೊಣಕೈ ಕೆಟ್ಟಿತ್ತು, ತಂಡದವರಿಗೆ ಹೇಳಿದ್ರೆ ಮನೆಗೆ ಕಳಿಸ್ತಾರೆ ಅಂತ ಸ್ವಂತ ದುಡ್ಡಲ್ಲೇ ಆಪರೇಷನ್ ಮಾಡಿಸ್ಕೊಂಡ, ಆಮೇಲೆ ನೋಡಿದ್ರೆ ಚೆಂಡಿನಲ್ಲಿ ವೇಗಾನೇ ಉಳಿದಿರಲಿಲ್ಲ. ಇನ್ನೇನು ಮುಗೀತು ಅನ್ನೋವಾಗ ಕಬ್ಸ್ ತಂಡದ ಸಣ್ಣ ಲೀಗ್ ಕೋಚ್ ಫ್ರೆಡ್ ಮಾರ್ಟಿನ್ ಹೊಸ ಹಿಡಿತ ಕಲಿಸಿದ್ರು, ಅದೇ ಸ್ಪ್ಲಿಟರ್, ಎರಡು ಬೆರಳು ಅಗಲ ಮಾಡಿ ಮಧ್ಯೆ ಚೆಂಡು ಸಿಕ್ಕಿಸ್ಕೊಂಡು ಎಸೆಯೋದು, ಫಾಸ್ಟ್‌ಬಾಲ್ ತರಾನೇ ಬಂದು ಬ್ಯಾಟ್ ಹತ್ರ ಧಡಕ್ಕನೆ ಕೆಳಗೆ ಬೀಳುತ್ತೆ. 1979ರ ಸೈ ಯಂಗ್ ಅದರಿಂದಲೇ ಬಂತು. ದೊಡ್ಡ ಲೀಗಲ್ಲಿ ಒಂದೇ ಒಂದು ಮ್ಯಾಚೂ ಸ್ಟಾರ್ಟ್ ಮಾಡದೇ ಹಾಲ್‌ಗೆ ಬಂದ ಮೊದಲ ಪಿಚರ್ ಇವನೇ.

ಎಕರ್ಸ್ಲಿ ವಿಷಯ ಬೇರೆ, ಇವನು ನಿಜವಾಗ್ಲೂ ದೊಡ್ಡ ಸ್ಟಾರ್ಟರ್, 1977ರಲ್ಲಿ ಕ್ಲೀವ್‌ಲ್ಯಾಂಡ್‌ಗೆ ನೋ ಹಿಟ್ಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಮ್ಯಾಚ್), 1978ರಲ್ಲಿ ಬಾಸ್ಟನ್‌ಗೆ 20 ಗೆಲುವು. ಆಮೇಲೆ ಕುಡಿತ ಹಿಡ್ಕೊಂಡಿತು, ಅದನ್ನ ಅವನೇ ಎಲ್ಲರ ಮುಂದೆ ಹೇಳ್ಕೊಂಡಿದ್ದಾನೆ, 1987ರ ಶುರುವಲ್ಲಿ ಚಿಕಿತ್ಸೆ ತಗೊಂಡು ಬಂದ, ಅದೇ ವರ್ಷ ಕಬ್ಸ್ ಅವನನ್ನ ಓಕ್ಲೆಂಡ್‌ಗೆ ಕೊಟ್ಟುಬಿಡ್ತು. ಅಲ್ಲಿ ಮ್ಯಾನೇಜರ್ ಟೋನಿ ಲಾ ರೂಸಾ ಬರೀ ಒಂಬತ್ತನೇ ಇನ್ನಿಂಗ್ ಮಾತ್ರ ನಿಂದು ಅಂತ ಕೊಟ್ರು, ಇವತ್ತು ಎಲ್ಲಾ ತಂಡದಲ್ಲೂ ನೋಡೋ ಒಂದು ಇನ್ನಿಂಗ್ ಕ್ಲೋಸರ್ ಪದ್ಧತಿ ಗಟ್ಟಿಯಾಗಿದ್ದು ಅಲ್ಲೇ. 1990ರಲ್ಲಿ 73 ಇನ್ನಿಂಗ್‌ಗೂ ಮೇಲೆ ಎಸೆದು ಇಡೀ ವರ್ಷದಲ್ಲಿ ಕೊಟ್ಟ ವಾಕ್ (ತಪ್ಪು ಎಸೆತಗಳಿಂದ ಬ್ಯಾಟ್ಸ್‌ಮನ್‌ಗೆ ಬಿಟ್ಟಿ ಸಿಗೋ ಬೇಸ್) ಬರೀ 4, ಇಆರ್‌ಎ (ಒಂಬತ್ತು ಇನ್ನಿಂಗ್‌ಗೆ ಸರಾಸರಿ ಕೊಟ್ಟ ರನ್, ಕಮ್ಮಿ ಇದ್ದಷ್ಟೂ ಒಳ್ಳೇದು) 0.61, ಈ ಸಂಖ್ಯೆ ಎಷ್ಟು ಸಲ ಓದಿದ್ರೂ ನಂಬಿಕೆ ಬರಲ್ಲ. ಆದ್ರೆ ಜನರಿಗೆ ಇವತ್ತಿಗೂ ನೆನಪಿರೋದು 1988ರ ವರ್ಲ್ಡ್ ಸೀರೀಸ್ ಮೊದಲನೇ ಮ್ಯಾಚು, ಎರಡು ಔಟ್ ಆಗಿತ್ತು, ಎರಡೂ ಕಾಲು ನೋವಿಂದ ಕುಂಟ್ತಾ ಬಂದ ಕರ್ಕ್ ಗಿಬ್ಸನ್ ಇವನು ಎಸೆದ ಸ್ಲೈಡರ್ ಅನ್ನೋ ಚೆಂಡನ್ನ ಎತ್ತಿ ಆಚೆ ಹಾಕಿ ಮ್ಯಾಚ್ ಗೆದ್ದಿದ್ದು. ಅವತ್ತು ಮ್ಯಾಚ್ ಆದ್ಮೇಲೆ ಎಕರ್ಸ್ಲಿ ಓಡಿ ಹೋಗ್ಲಿಲ್ಲ, ಲಾಕರ್ ಮುಂದೆ ನಿಂತು ಬಂದ ಪತ್ರಕರ್ತರಿಗೆಲ್ಲ ಉತ್ತರ ಕೊಟ್ಟ. ನಾಲ್ಕು ವರ್ಷ ಬಿಟ್ಟು 1992ರಲ್ಲಿ 51 ಸೇವ್, ಸೈ ಯಂಗ್, ಎಂವಿಪಿ. ರಿಲೀಫ್ ಪಿಚರ್ ಹೇಗಿರ್ಬೇಕು ಅಂತ ಯಾರಾದ್ರೂ ಕೇಳಿದ್ರೆ ನಾನು ಆ 51 ಸೇವ್ ಬಿಟ್ಟು ಆ ಲಾಕರ್ ಮುಂದೆ ನಿಂತಿದ್ದನ್ನೇ ಹೇಳ್ತೀನಿ.

ಲೀ ಸ್ಮಿತ್‌ಗೆ ಸಣ್ಣ ಲೀಗಲ್ಲಿ ಬುಲ್‌ಪೆನ್ನಿಗೆ ಹೋಗು ಅಂದಾಗ ಎಷ್ಟು ಅವಮಾನ ಆಯ್ತು ಅಂದ್ರೆ ಬೇಸ್‌ಬಾಲೇ ಬಿಟ್ಟು ಕಾಲೇಜಿಗೆ ಬ್ಯಾಸ್ಕೆಟ್‌ಬಾಲ್ ಆಡೋಕೆ ಹೋಗಿಬಿಟ್ಟಿದ್ದ, ಕಬ್ಸ್‌ನ ಹಳೇ ಆಟಗಾರ ಬಿಲ್ಲಿ ವಿಲಿಯಮ್ಸ್ ಹೋಗಿ ಬುದ್ಧಿ ಹೇಳಿ ಕರ್ಕೊಂಡು ಬಂದ್ರು. ಬಂದವನು 478 ಸೇವ್ ಮಾಡಿದ, ಅದು 2006ರ ತನಕ ದಾಖಲೆ. ಆದ್ರೂ ಪತ್ರಕರ್ತರ ಓಟಲ್ಲಿ ಹದಿನೈದು ವರ್ಷ ಕಾದು ಆಗಲಿಲ್ಲ, ಕೊನೆಗೆ ಸಮಿತಿಯವರು ಆರಿಸಿದ್ರು, ಅದೂ ಹದಿನಾರಕ್ಕೆ ಹದಿನಾರು ಓಟಿಂದ. ಆ ದಾಖಲೆ ಮುರಿದ ಹಾಫ್‌ಮನ್ ಮೊದಲು ಪಿಚರೇ ಅಲ್ಲ, ಶಾರ್ಟ್‌ಸ್ಟಾಪ್ (ಒಳ ಮೈದಾನದ ಒಬ್ಬ ಫೀಲ್ಡರ್), ಬ್ಯಾಟಿಂಗ್ ಬರಲಿಲ್ಲ ಅಂತ ಪಿಚರ್ ಮಾಡಿದ್ರು. ಆಮೇಲೆ ಭುಜ ಕೆಟ್ಟು ಫಾಸ್ಟ್‌ಬಾಲ್ ವೇಗ ಹೋಯ್ತು, ಆಗ ಜೊತೆಗಾರ ಒಬ್ಬ ತೋರಿಸಿದ ಹಿಡಿತದಿಂದ ಚೇಂಜಪ್ ಅನ್ನೋ ನಿಧಾನದ ಎಸೆತ ಕಲಿತು 601 ಸೇವ್ ತನಕ ಹೋದ, ಸ್ಯಾನ್ ಡಿಯಾಗೋದಲ್ಲಿ ಅವನು ಬುಲ್‌ಪೆನ್ನಿಂದ ಹೊರಡುವಾಗ ಸ್ಟೇಡಿಯಂನಲ್ಲಿ ಗಂಟೆ ಸದ್ದು ಮೊಳಗ್ತಿತ್ತು. ವ್ಯಾಗ್ನರ್ ಹುಟ್ಟಾ ಬಲಗೈಯವನು, ಚಿಕ್ಕೋನಿದ್ದಾಗ ಬಲಗೈ ಎರಡು ಸಲ ಮುರಿದು, ಬೇರೆ ದಾರಿ ಇಲ್ದೇ ಎಡಗೈಲಿ ಎಸೆಯೋದು ಕಲಿತ, ಆ ಎಡಗೈಯೇ 422 ಸೇವ್ ಮಾಡಿದ್ದು. ಅವನೂ ಹತ್ತನೇ ವರ್ಷ, ಅಂದ್ರೆ ಓಟಿನ ಕಡೇ ಅವಕಾಶದಲ್ಲಿ (ಹದಿನೈದು ವರ್ಷದ ಮಿತಿ ಅಷ್ಟೊತ್ತಿಗೆ ಹತ್ತಕ್ಕೆ ಇಳಿದಿತ್ತು) ಆಯ್ಕೆ ಆದ.

ರಿವೇರಾನ ಕೊನೆಗೆ ಇಟ್ಕೊಂಡಿದೀನಿ, ನೀವೂ ಹಾಗೇ ಮಾಡಿ. 1969ರಲ್ಲಿ ಪನಾಮಾದಲ್ಲಿ ಹುಟ್ಟಿ, ಪೋರ್ಟೋ ಕೈಮೀಟೋ ಅನ್ನೋ ಮೀನುಗಾರರ ಊರಲ್ಲಿ ಬೆಳೆದು, ಅಪ್ಪನ ಮೀನು ದೋಣೀಲಿ ಕೆಲಸ ಮಾಡಿದವನು. ಅವನೂ ಮೊದಲು ಶಾರ್ಟ್‌ಸ್ಟಾಪ್, ಊರ ಕಡೆ ತಂಡದಲ್ಲಿ ಒಂದಿನ ಪಿಚರ್ ಸರಿಯಾಗಿ ಎಸೀಲಿಲ್ಲ ಅಂತ ನಾನು ಎಸೀತೀನಿ ಅಂದ, 1990ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದವರು ಕೆಲವೇ ಸಾವಿರ ಡಾಲರ್ ಕೊಟ್ಟು ಸಹಿ ಮಾಡಿಸ್ಕೊಂಡ್ರು, ಇಂಗ್ಲಿಷ್ ಬರ್ತಿರಲಿಲ್ಲ, 1992ರಲ್ಲಿ ಮೊಣಕೈ ಆಪರೇಷನ್, ಅದೇ ವರ್ಷ ಹೊಸ ತಂಡಗಳು ಬೇರೆ ತಂಡದಿಂದ ಆಟಗಾರರನ್ನ ಆರಿಸ್ಕೊಳ್ಳೋ ಡ್ರಾಫ್ಟಲ್ಲಿ ಯಾಂಕೀಸ್ ಇವನನ್ನ ಉಳಿಸ್ಕೊಳ್ಳೋ ಪಟ್ಟಿಗೇ ಸೇರಿಸಿರಲಿಲ್ಲ, ಆದ್ರೂ ಯಾರೂ ತಗೊಳ್ಳಲಿಲ್ಲ! 1995ರ ಮೇ ತಿಂಗಳಲ್ಲಿ ಸ್ಟಾರ್ಟರ್ ಆಗಿ ಬಂದ, ಮೊದಲ ಮ್ಯಾಚಲ್ಲೇ ಹೊಡೆತ ತಿಂದ, ಆ ವರ್ಷ ಇಆರ್‌ಎ 5.51. ಅಲ್ಲಿಗೆ ಅವನ ಸ್ಟಾರ್ಟರ್ ಬಾಳು ಮುಗೀತು. 1996ರಲ್ಲಿ ಕ್ಲೋಸರ್ ಜಾನ್ ವೆಟ್‌ಲ್ಯಾಂಡ್‌ಗೂ ಮುಂಚೆ ಏಳನೇ, ಎಂಟನೇ ಇನ್ನಿಂಗ್ ಎಸೆಯೋ ಸೆಟಪ್ ಮ್ಯಾನ್ ಮಾಡಿದ್ರು, 107 ಇನ್ನಿಂಗ್ ದಾಟಿ ಎಸೆದು 130 ಸ್ಟ್ರೈಕೌಟ್ (ಬ್ಯಾಟ್ಸ್‌ಮನ್ ಚೆಂಡು ಹೊಡೆಯೋಕಾಗದೇ ಔಟ್ ಆಗೋದು) ಮಾಡಿದ, ಸೆಟಪ್ ಮ್ಯಾನ್ ಆಗಿದ್ದೂ ಸೈ ಯಂಗ್ ಓಟಲ್ಲಿ ಮೂರನೇ ಸ್ಥಾನ. ಮುಂದಿನ ವರ್ಷ ಕ್ಲೋಸರ್.

ಆ 1997ರಲ್ಲೇ ಕಟ್ಟರ್ ಸಿಕ್ಕಿದ್ದು. ಜೊತೆಗಾರ ರಮೀರೋ ಮೆಂಡೋಸಾ ಜೊತೆ ಸುಮ್ನೆ ಕ್ಯಾಚ್ ಆಡ್ತಿದ್ದಾಗ ನೇರ ಎಸೆದ ಚೆಂಡು ಕೊನೇಲಿ ಪಕ್ಕಕ್ಕೆ ಜಾರೋಕೆ ಶುರುವಾಯ್ತು, ಪಿಚಿಂಗ್ ಕೋಚ್ ಮೆಲ್ ಸ್ಟಾಟಲ್‌ಮೈರ್ ಜೊತೆ ಸೇರಿ ಅದನ್ನ ನೇರ ಮಾಡೋಕೆ ಒದ್ದಾಡಿದ, ಆಗಲಿಲ್ಲ, ಸರಿ ಇರಲಿ ಬಿಡು ಅಂತ ಅದನ್ನೇ ಎಸೀತಾ ಹೋದ. ಅವನು ದೇವರ ಮೇಲೆ ಭಾರ ಹಾಕೋ ಮನುಷ್ಯ, ಇದು ದೇವರು ಕೊಟ್ಟಿದ್ದು ಅಂತಾನೇ ಹೇಳ್ತಾನೆ. ಮುಂದಿನ ಹದಿನೈದು ಹದಿನಾರು ವರ್ಷ ಹೆಚ್ಚುಕಮ್ಮಿ ಅದೊಂದೇ ಪಿಚ್. ಎದುರಿಗೆ ನಿಂತವನಿಗೆ ಏನು ಬರುತ್ತೆ ಅಂತ ಗೊತ್ತು, ಸ್ಟೇಡಿಯಂಗೆಲ್ಲ ಗೊತ್ತು, ಆದ್ರೂ ಚೆಂಡು ಕಡೇಲಿ ಒಂದಿಷ್ಟು ಒಳಗೆ ನುಗ್ಗಿ ಎಡಗೈ ಬ್ಯಾಟ್ಸ್‌ಮನ್‌ಗಳ ಬ್ಯಾಟಿನ ಹಿಡಿ ಹತ್ರ ಬಡಿದು ಬ್ಯಾಟ್ ಮುರೀತಿತ್ತು. 2013ರಲ್ಲಿ ಮಿನ್ನೆಸೋಟಾ ತಂಡದವರು ಹಾಗೆ ಮುರಿದ ಬ್ಯಾಟುಗಳಿಂದಲೇ ಒಂದು ತೂಗು ಕುರ್ಚಿ ಮಾಡಿಸಿ ಅವನಿಗೆ ಬೀಳ್ಕೊಡುಗೆ ಕೊಟ್ರು.

ಫಲಕದಲ್ಲಿ ಕಾಣದೇ ಇರೋ ರಿವೇರಾ ಇನ್ನೊಬ್ಬ ಇದ್ದಾನೆ, ನನಗೆ ಅವನೇ ಹೆಚ್ಚು ಮುಖ್ಯ. 1997ರ ಪ್ಲೇಆಫಲ್ಲಿ ಸರಣಿ ಮುಗಿಸೋಕೆ ನಾಲ್ಕೇ ಔಟ್ ಬೇಕಿದ್ದಾಗ ಕ್ಲೀವ್‌ಲ್ಯಾಂಡಿನ ಸ್ಯಾಂಡಿ ಅಲೋಮಾರ್ ಹೋಮ್ ರನ್ ಹೊಡೆದ. 2001ರ ವರ್ಲ್ಡ್ ಸೀರೀಸ್ ಏಳನೇ ಮ್ಯಾಚು, ಒಂದು ರನ್ ಲೀಡ್, ಒಂಬತ್ತನೇ ಇನ್ನಿಂಗ್, ಎರಡನೇ ಬೇಸ್‌ಗೆ ಅವನೇ ಎಸೆದ ಥ್ರೋ ತಪ್ಪಿತು, ಕೊನೆಗೆ ಅರಿಜೋನಾದ ಲೂಯಿಸ್ ಗೊನ್ಸಾಲೆಸ್ ಅದೇ ಕಟ್ಟರನ್ನ ಮೆತ್ತಗೆ ಒಳ ಆಟಗಾರರ ತಲೆ ಮೇಲಿಂದ ಆಚೆ ಬೀಳಿಸಿದ, ಸೀರೀಸೇ ಹೋಯ್ತು. 2004ರಲ್ಲಿ ಬಾಸ್ಟನ್ ವಿರುದ್ಧ ಸರಣೀಲಿ 3-0 ಮುಂದಿದ್ದು ನಾಲ್ಕನೇ ಮ್ಯಾಚಿನ ಕೊನೇ ಇನ್ನಿಂಗ್, ಒಂದು ವಾಕ್, ಡೇವ್ ರಾಬರ್ಟ್ಸ್ ಕದ್ದ ಒಂದು ಬೇಸ್, ಬಿಲ್ ಮ್ಯೂಲರ್ ಒಂದು ಸಿಂಗಲ್, ಅಲ್ಲಿಂದ ಬಾಸ್ಟನ್ ನಾಲ್ಕಕ್ಕೆ ನಾಲ್ಕು ಗೆದ್ದು ಚರಿತ್ರೆ ಮಾಡ್ತು. ಮುಂದಿನ ವರ್ಷ ಫೆನ್ವೇ ಪಾರ್ಕಲ್ಲಿ ಬಾಸ್ಟನ್‌ನವರು ಚಾಂಪಿಯನ್ ಆಗಿದ್ದಕ್ಕೆ ಉಂಗುರ ಹಂಚೋ ದಿನ ಎದುರಾಳಿ ತಂಡದ ಹೆಸರು ಕೂಗ್ತಾ ಇವನ ಹೆಸರು ಬಂದಾಗ ಇಡೀ ಸ್ಟೇಡಿಯಂ ಕೆಣಕೋಕೆ ಅಂತ ಚಪ್ಪಾಳೆ ಹೊಡೀತು. ಅವನು ಮುಖ ಗಂಟಿಕ್ಕಲಿಲ್ಲ, ನಕ್ಕು ಟೋಪಿ ತೆಗೆದ. ಸೋಲನ್ನ ಹೀಗೆ ಹೊತ್ತವರು ನನಗೆ ಯಾವ ಆಟದಲ್ಲೂ ಹೆಚ್ಚು ಸಿಕ್ಕಿಲ್ಲ.

ಇಷ್ಟೆಲ್ಲ ಆಗಿಯೂ ಪೋಸ್ಟ್ ಸೀಸನ್, ಅಂದ್ರೆ ಪ್ಲೇಆಫ್ ಮತ್ತು ವರ್ಲ್ಡ್ ಸೀರೀಸ್, ಲೆಕ್ಕ ನೋಡಿ: 141 ಇನ್ನಿಂಗ್, 42 ಸೇವ್, ಇಆರ್‌ಎ 0.70, ಅವನ ಖಾತೆಗೆ ಬಂದ ರನ್ ಬರೀ 11. ಚಂದ್ರನ ಮೇಲೆ ನಡೆದವರೇ 12 ಜನ. ಮಾಮೂಲಿ ಸೀಸನ್‌ಗಳಲ್ಲಿ 652 ಸೇವ್, ಇವತ್ತಿಗೂ ಅದೇ ದಾಖಲೆ, ಮತ್ತೆ ಆ 652ರ ಪಕ್ಕದಲ್ಲೇ ಕೈತಪ್ಪಿದ 80 ಸೇವ್‌ಗಳೂ ಇವೆ ಅನ್ನೋದನ್ನ ಮರೀಬೇಡಿ. ಐದು ವರ್ಲ್ಡ್ ಸೀರೀಸ್ ಗೆಲುವು. 2012ರ ಮೇನಲ್ಲಿ ಕ್ಯಾನ್ಸಸ್ ಸಿಟೀಲಿ ಮ್ಯಾಚಿಗೂ ಮುಂಚೆ ಅಭ್ಯಾಸದಲ್ಲಿ ಕ್ಯಾಚ್ ಹಿಡಿಯೋಕೆ ಓಡಿ ಮಂಡಿಯ ಲಿಗಮೆಂಟ್ ಹರ್ಕೊಂಡಾಗ 42 ವಯಸ್ಸು, ಎಲ್ಲರೂ ಮುಗೀತು ಅಂದ್ಕೊಂಡ್ರು, ವಾಪಸ್ ಬಂದು 2013ರಲ್ಲಿ ಇನ್ನೂ 44 ಸೇವ್. ಆ ವರ್ಷ ಹೋದ ಊರಲ್ಲೆಲ್ಲ ಆ ಸ್ಟೇಡಿಯಂನಲ್ಲಿ ಕೆಲಸ ಮಾಡೋರನ್ನ ಕರೆಸ್ಕೊಂಡು ಕೂತು ಮಾತಾಡಿದ, ತೆರೆಮರೇಲಿ ದುಡಿಯೋರಿಗೆ ಥ್ಯಾಂಕ್ಸ್ ಹೇಳೋಕೆ. ಕೊನೇ ಮ್ಯಾಚ್ ಸೆಪ್ಟೆಂಬರ್ 26, ಯಾಂಕೀಸ್ 4-0 ಸೋಲ್ತಿತ್ತು, ಸೇವ್ ಮಾಡೋಕೆ ಏನೂ ಇರಲಿಲ್ಲ, ಮ್ಯಾನೇಜರ್ ಬದಲು ಡೆರೆಕ್ ಜೀಟರ್ ಮತ್ತು ಆಂಡಿ ಪೆಟಿಟ್ ದಿಬ್ಬದ ಹತ್ರ ನಡ್ಕೊಂಡು ಬಂದು ಚೆಂಡು ಇಸ್ಕೊಂಡಾಗ ಪೆಟಿಟ್ ಹೆಗಲ ಮೇಲೆ ತಲೆ ಇಟ್ಟು ಅತ್ತುಬಿಟ್ಟ. 2019ರ ಓಟಲ್ಲಿ 425ಕ್ಕೆ 425, ಹಾಲ್‌ನ ಚರಿತ್ರೇಲಿ ಪತ್ರಕರ್ತರ ನೂರಕ್ಕೆ ನೂರು ಓಟು ಪಡೆದ ಮೊದಲನೆಯವನು, ಬೇಬ್ ರೂತ್‌ಗೂ ಸಿಗದೇ ಇದ್ದದ್ದು ಒಬ್ಬ ರಿಲೀಫ್ ಪಿಚರ್‌ಗೆ ಸಿಕ್ತು.

ಫಲಕ ನೋಡಿ ಆದ್ಮೇಲೆ ಮೇಲಿನ ಮಹಡಿಗಳು. ಎರಡನೇ ಮಹಡೀಲಿ ಆಟದ ಚರಿತ್ರೆ ಕಾಲಕ್ರಮವಾಗಿದೆ, ಲ್ಯಾಟಿನ್ ಅಮೆರಿಕಾ ಬೇಸ್‌ಬಾಲ್ ಬಗ್ಗೆ ಸ್ಪ್ಯಾನಿಶ್ ಇಂಗ್ಲಿಷ್ ಎರಡರಲ್ಲೂ ಬರೆದಿರೋ ವಿಭಾಗ ಇದೆ, ರಿವೇರಾ ಎಂಥ ಜಗತ್ತಿಂದ ಬಂದ ಅಂತ ತಿಳಿಯೋಕೆ ಅದು ಬೇಕು. ಮೂರನೇ ಮಹಡೀಲಿ ದಾಖಲೆಗಳ ವಿಭಾಗ, ನಮ್ಮಪ್ಪ ಅಲ್ಲಿಂದ ಕದಲೋಕೇ ಒಪ್ಪಲಿಲ್ಲ. ಎಲ್ಲಾ ನಿಧಾನವಾಗಿ ನೋಡೋರಾದ್ರೆ ಇಡೀ ದಿನ ಇಟ್ಕೊಳ್ಳಿ, ಮಧ್ಯಾಹ್ನ ಹೋಗಿ ಸಂಜೆಗೆ ಮುಗಿಸ್ತೀನಿ ಅಂದ್ರೆ ಆಗಲ್ಲ. ಜುಲೈ ಕೊನೇಲಿ ಹೊಸಬರನ್ನ ಸೇರಿಸೋ ವಾರಾಂತ್ಯ ಬಿಟ್ಟುಬಿಡಿ, ರಿವೇರಾ ಸೇರಿದ ವರ್ಷ ಆ ಪುಟ್ಟ ಊರಿಗೆ ಅಂದಾಜು 55,000 ಜನ ಬಂದಿದ್ರು, ಸಮಾರಂಭಾನೇ ನೋಡ್ಬೇಕು ಅಂದ್ರೆ ಮಾತ್ರ ಹೋಗಿ, ರೂಮು ತುಂಬಾ ಮುಂಚೆನೇ ಬುಕ್ ಮಾಡಿ. ಶಾಂತವಾಗಿ ಫಲಕ ಓದ್ಬೇಕಂದ್ರೆ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೇದು, ಬೇಸಿಗೆ ರಜೆಯ ರಷ್ ಇರಲ್ಲ, ಮರಗಳ ಎಲೆ ಬಣ್ಣ ತಿರುಗಿರುತ್ತೆ.

ಅಂಗಡೀಲಿ ಎರಡು ವಸ್ತು ತಗೊಳ್ಳಿ. ಒಂದು, ಫಲಕಗಳ ಪೋಸ್ಟ್ ಕಾರ್ಡ್, ನಿಮಗೆ ಬೇಕಾದವರದ್ದು ಆರಿಸ್ಕೋಬಹುದು. ಇನ್ನೊಂದು, ಒಂದು ಬೇಸ್‌ಬಾಲ್. ಅದನ್ನ ಕೈಲಿ ಹಿಡಿದು ನೋಡಿ. ಕೆಂಪು ದಾರದ ಹೊಲಿಗೆ ಬೆರಳಿಗೆ ತಾಗುತ್ತೆ, ತೋರುಬೆರಳು ನಡುಬೆರಳು ಹೊಲಿಗೆಗೆ ಅಡ್ಡಕ್ಕಿಟ್ಟು ಸ್ವಲ್ಪ ಪಕ್ಕಕ್ಕೆ ಸರಿಸಿ ನಡುಬೆರಳಿಗೆ ಒತ್ತು ಕೊಟ್ರೆ ರಿವೇರಾನ ಕಟ್ಟರ್ ಹಿಡಿತ, ಅವೇ ಎರಡು ಬೆರಳು ಅಗಲಿಸಿ ಚೆಂಡು ಒಳಗೆ ತಳ್ಳಿದ್ರೆ ಸಟರ್, ಉಗುರು ಊರಿ ಬೆರಳ ತುದೀಲಿ ಹಿಡಿದ್ರೆ ವಿಲ್‌ಹೆಲ್ಮ್. ಸಟರ್ ಹಿಡಿತ ಹಿಡಿದು ಸ್ವಲ್ಪ ಹೊತ್ತು ಇಟ್ಕೊಂಡ್ರೇ ಬೆರಳ ಸಂದಿ ನೋಯೋಕೆ ಶುರುವಾಗುತ್ತೆ, ಇದನ್ನ 12 ಸೀಸನ್ ಎಸೆದ ಅಂದ್ರೆ ಕೊನೇಲಿ ಅವನ ಭುಜ ಯಾಕೆ ಕೈಕೊಡ್ತು ಅಂತ ಆಶ್ಚರ್ಯ ಆಗಲ್ಲ.

ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡ್ತೀನಿ. ಅರ್ಧ ಕಮ್ಮಿ ಯಾಕಂದ್ರೆ ನನ್ನ ಪ್ರಕಾರ ಬುಲ್‌ಪೆನ್ನಿಗೆ ಇಲ್ಲಿ ಸಿಕ್ಕಿರೋ ಗೌರವ ಇನ್ನೂ ಸಾಲದು. ಫಲಕ ಸಿಕ್ಕಿದ್ದು ಹೆಚ್ಚುಕಮ್ಮಿ ಎಲ್ಲಾ ಸೇವ್ ಮಾಡೋ ಕ್ಲೋಸರ್‌ಗಳಿಗೆ, ಆರನೇ ಏಳನೇ ಇನ್ನಿಂಗಲ್ಲಿ ಬೇರೆಯವರು ಬೇಸ್ ತುಂಬಿಸಿಟ್ಟು ಹೋದ ಕಷ್ಟದಲ್ಲಿ ಬರೋರಿಗೆ ಅಲ್ಲ. ಜೆಸ್ಸಿ ಒರಾಸ್ಕೋ 1,252 ಮ್ಯಾಚಲ್ಲಿ ಎಸೆದ, ಅಷ್ಟು ಮ್ಯಾಚ್ ಎಸೆದ ಪಿಚರ್ ಇನ್ನೊಬ್ಬ ಇಲ್ಲ, ಅವನ ಫಲಕ ಇಲ್ಲ. ಮೈಕ್ ಮಾರ್ಷಲ್ 1974ರ ಒಂದೇ ಸೀಸನ್‌ನಲ್ಲಿ 106 ಮ್ಯಾಚ್ ಎಸೆದು, ಸೈ ಯಂಗ್ ಗೆದ್ದ ಮೊದಲ ರಿಲೀಫ್ ಪಿಚರ್ ಆದ, ಅವನದ್ದೂ ಇಲ್ಲ. ಎಡಗೈ ಜಾನ್ ಫ್ರಾಂಕೋ ಸೇವ್ 424, ವ್ಯಾಗ್ನರ್‌ಗಿಂತ ಎರಡು ಜಾಸ್ತಿ, ಅವನು ಮೊದಲನೇ ವರ್ಷದ ಓಟಲ್ಲೇ ಪಟ್ಟಿಯಿಂದ ಬಿದ್ದುಹೋದ. ಇನ್ನು ಮುಂದೆ ಬರೋರಲ್ಲಿ ನಾನು ಕಾಯ್ತಿರೋದು ಕೆನ್ಲಿ ಜ್ಯಾನ್ಸನ್‌ಗೆ, ಕ್ಯುರಸಾವ್ ದ್ವೀಪದಿಂದ ಕ್ಯಾಚರ್ ಆಗಿ ಬಂದು, ಬ್ಯಾಟಿಂಗ್ ಆಗದೇ 2009ರಲ್ಲಿ ಪಿಚರ್ ಆಗಿ ಬದಲಾಗಿ, 400 ಸೇವ್ ಯಾವಾಗಲೋ ದಾಟಿದಾನೆ, ಅವನದ್ದೂ ಮುಖ್ಯ ಪಿಚ್ ಕಟ್ಟರೇ.